ಸಿಂಕ್ ಆಗಿದೆ, ಬ್ಯಾಕಪ್ ಆಗಿಲ್ಲ

“ಫೈಲ್ ಹೋಗಿದೆ ರೀ” ಎಂದು ಫೋನ್ ಮಾಡುವವರಲ್ಲಿ ಹೆಚ್ಚಿನವರ ಫೈಲ್ ಎಲ್ಲಿಯೂ ಹೋಗಿರುವುದಿಲ್ಲ. ಆನ್‌ಲೈನ್‌ನಲ್ಲಿ ಫೈಲ್ ಸಂಗ್ರಹಿಸಿ ಬ್ಯಾಕಪ್ ಇಡುವ ಸೇವೆಯೊಂದರ ಗ್ರಾಹಕ ಸಹಾಯ ವಿಭಾಗಕ್ಕೆ ಬರುವ ಕನ್ನಡ ಮತ್ತು ತೆಲುಗು ಕರೆಗಳನ್ನು ಬಳ್ಳಾರಿಯಲ್ಲಿ ಕುಳಿತು ನಿಭಾಯಿಸುವುದು ನನ್ನ ಕೆಲಸ. ಆ ಕಡೆ ಇರುವವರು ಇಲ್ಲಿಯ ಜೀನ್ಸ್ ಘಟಕದ ಲೆಕ್ಕಿಗರಿರಬಹುದು, ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತರಿರಬಹುದು, ಸಿಂಧನೂರಿನ ಫೋಟೊ ಸ್ಟುಡಿಯೊದವರಿರಬಹುದು. ನಾವು ಕೇಳುವ ಮೊದಲ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ ಬಗೆಯಲ್ಲಿ ಸಿಟ್ಟು ತರಿಸುತ್ತದೆ: “ಯಾವ ಮೇಲ್ ಐಡಿಯಿಂದ ಲಾಗಿನ್ ಆಗಿದ್ದೀರಿ?”

“ನನ್ನ ಐಡಿಯಿಂದಲೇ, ಮತ್ತೆ ಯಾರದರಿಂದ?” ಎನ್ನುತ್ತಾರೆ. ಆದರೆ ಒಂದು ಫೋನಿನಲ್ಲಿ ಸಾಮಾನ್ಯವಾಗಿ ಎರಡು ಮೂರು ಐಡಿಗಳಿರುತ್ತವೆ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ತೆರೆದುಕೊಟ್ಟದ್ದು ಒಂದು, 2020ರಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಮಾಡಿದ್ದು ಇನ್ನೊಂದು, ಜಿಎಸ್‌ಟಿ ಕೆಲಸಕ್ಕೆ ಲೆಕ್ಕಪರಿಶೋಧಕರ ಕಚೇರಿಯವರು ಮಾಡಿಸಿದ್ದು ಮತ್ತೊಂದು. ಫೈಲ್ ಒಂದರಲ್ಲಿದೆ, ಹುಡುಕಾಟ ಇನ್ನೊಂದರಲ್ಲಿ ನಡೆಯುತ್ತಿದೆ. ಐಡಿ ಬದಲಿಸಿದ ಕೂಡಲೇ ಎಲ್ಲವೂ ಇದ್ದಲ್ಲೇ ಇರುತ್ತದೆ. ಅಂಥ ಕರೆ ಬೇಗ ಮುಗಿಯುತ್ತದೆ.

ಬೇಗ ಮುಗಿಯದ ಕರೆಗಳ ಹಿಂದೆ ಸಾಮಾನ್ಯವಾಗಿ ಒಂದೇ ತಪ್ಪು ತಿಳಿವಳಿಕೆ ಇರುತ್ತದೆ. ಸಿಂಕ್ ಮತ್ತು ಬ್ಯಾಕಪ್ ಎರಡೂ ಒಂದೇ ಎಂದು ಜನ ನಂಬಿದ್ದಾರೆ. ಅವರು ಹಾಗೆ ನಂಬುವುದಕ್ಕೆ ನಮ್ಮ ಉದ್ಯಮದ ಜಾಹೀರಾತುಗಳೂ ಕಾರಣ ಎನ್ನುವುದು ನನ್ನ ಅಭಿಪ್ರಾಯ. ಸಿಂಕ್ ಕನ್ನಡಿಯಿದ್ದಂತೆ: ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಏನಿದೆಯೋ ಕ್ಲೌಡ್‌ನಲ್ಲಿಯೂ, ಅಂದರೆ ಕಂಪನಿಯ ಆನ್‌ಲೈನ್ ಸಂಗ್ರಹದಲ್ಲಿಯೂ, ಅದೇ ಕಾಣುತ್ತದೆ, ಇಲ್ಲಿ ಇಲ್ಲವಾದರೆ ಅಲ್ಲಿಯೂ ಇಲ್ಲ. ಬ್ಯಾಕಪ್ ಹಾಗಲ್ಲ. ಅದು ನಿನ್ನೆಯ, ಕಳೆದ ವಾರದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ನೀವು ಇವತ್ತು ಏನೇ ಅಳಿಸಿದರೂ ನಿನ್ನೆಯದು ಹಾಗೆಯೇ ಉಳಿಯುತ್ತದೆ.

ಇದರ ಪರಿಣಾಮ ತಿಳಿಯುವುದು ಯಾರೋ ಲ್ಯಾಪ್‌ಟಾಪಿನಲ್ಲಿ ಜಾಗ ಮಾಡಲು ಹೊರಟಾಗ. ಹಾರ್ಡ್ ಡಿಸ್ಕ್ ತುಂಬಿದೆ, ಹೇಗೂ ಎಲ್ಲವೂ ಕ್ಲೌಡ್‌ನಲ್ಲಿ ಇದೆಯಲ್ಲ ಎಂದು ಲೆಕ್ಕಿಗರು ಹಳೆಯ ಬಿಲ್ಲುಗಳ ಫೋಲ್ಡರನ್ನು ಅಳಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಕ್ಲೌಡ್‌ನಿಂದ ಮಾಯ, ಮಾಲೀಕರ ಮನೆಯ ಕಂಪ್ಯೂಟರಿನಿಂದಲೂ ಮಾಯ. ಅಳಿಸಿದ್ದು ಟ್ರ್ಯಾಶ್ ಎಂಬ ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ ನಿಜ, ಆದರೆ ಆ ಅವಧಿ ಎಷ್ಟೆಂದು ಯಾರೂ ನೋಡಿರುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ 30 ದಿನ. ಬ್ಯಾಕಪ್ ಆದ ಚಿತ್ರಗಳಿಗೆ ಗೂಗಲ್ ಫೋಟೋಸ್‌ನಲ್ಲಿ 60 ದಿನ. ಮೈಕ್ರೋಸಾಫ್ಟ್‌ನ ವೈಯಕ್ತಿಕ ಒನ್‌ಡ್ರೈವ್ ಖಾತೆಯಲ್ಲಿ 30 ದಿನ. ಅತ್ತ ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು ಎನ್ನುತ್ತದೆ. ಕಾನೂನು ಆರು ವರ್ಷ ಕೇಳುತ್ತದೆ, ಟ್ರ್ಯಾಶ್ ಒಂದು ತಿಂಗಳು ಕಾಯುತ್ತದೆ. ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವ ಭರದಲ್ಲಿ ಅಳಿಸಿದ್ದು ನೆನಪಾಗುವುದು ಮಾರ್ಚ್ ತಿಂಗಳಲ್ಲಿ, ನೋಟಿಸ್ ಬಂದ ಮೇಲೆ. ಆಗ ನಾವು ಎಂಜಿನಿಯರುಗಳಿಗೆ ಬರೆಯುತ್ತೇವೆ, ಅವರು ನೋಡುತ್ತಾರೆ, ಅವಧಿ ಮೀರಿದ್ದರೆ ಉತ್ತರ ಬದಲಾಗುವುದಿಲ್ಲ. “ನಿಮ್ಮ ಸರ್ವರಿನ ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ, ಸ್ವಲ್ಪ ಹುಡುಕಿ ಅಕ್ಕಾ” ಎನ್ನುವವರಿಗೆ ಇಲ್ಲವೆಂದು ಹೇಳುವುದೇ ಈ ಕೆಲಸದ ಕಷ್ಟದ ಭಾಗ.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಪ್ರತ್ಯೇಕ ಮಾತು. ಟ್ಯಾಲಿಯ ಡೇಟಾ ಫೋಲ್ಡರನ್ನೇ ಸಿಂಕ್ ಫೋಲ್ಡರಿನೊಳಗೆ ಇಟ್ಟು, ಅಂಗಡಿಯಲ್ಲಿ ಒಬ್ಬರು ಗೋದಾಮಿನಲ್ಲಿ ಒಬ್ಬರು ತೆರೆದು ಕೆಲಸ ಮಾಡುವುದು ಈ ಕಡೆ ಹೆಚ್ಚು. ತೆರೆದಿರುವ ಡೇಟಾ ಫೈಲನ್ನು ಎರಡು ಕಡೆಯಿಂದ ಸಿಂಕ್ ಮಾಡಿದರೆ ಯಾವುದು ಸರಿಯಾದ ಪ್ರತಿ ಎಂದು ಸಾಫ್ಟ್‌ವೇರಿಗೆ ತಿಳಿಯದೆ ಅದು ಎರಡನ್ನೂ ಇಟ್ಟುಕೊಳ್ಳುತ್ತದೆ, ಅಥವಾ ಡೇಟಾ ಕೆಡುತ್ತದೆ. ಸಂಜೆ ಟ್ಯಾಲಿಯೊಳಗೇ ಇರುವ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆದು ಆ ಪ್ರತಿಯನ್ನು ಮಾತ್ರ ಕ್ಲೌಡ್‌ಗೆ ಏರಿಸಿ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಯಾಗಿದ್ದರೆ ನಿಮಗೆ ಬೇರೆ ದಾರಿಯೂ ಇಲ್ಲ: 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದೊಳಗೇ ಇರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು.

ರ‍್ಯಾನ್ಸಮ್‌ವೇರ್ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದಾಗಲೂ ಸಿಂಕ್ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದು ಬಹಳ ಜನರಿಗೆ ನೆನಪಿದೆ. ಅಂಥ ವೈರಸ್ ಫೈಲುಗಳನ್ನು ಓದಲಾಗದಂತೆ ಬದಲಿಸುತ್ತಾ ಹೋದಂತೆ, ಸಿಂಕ್ ಪ್ರಾಮಾಣಿಕವಾಗಿ ಕೆಟ್ಟ ಫೈಲುಗಳನ್ನೇ ಕ್ಲೌಡ್‌ಗೆ ಏರಿಸುತ್ತದೆ. ಹೀಗಾಗಿದೆ ಎಂಬ ಅನುಮಾನ ಬಂದರೆ ಮೊದಲು ಇಂಟರ್‌ನೆಟ್ ಕಿತ್ತುಹಾಕಿ, ಆಮೇಲೆ ಬೇರೆ ಸಾಧನದಿಂದ ನಮಗೆ ಕರೆ ಮಾಡಿ. ಹಳೆಯ ಆವೃತ್ತಿಗಳನ್ನು ಉಳಿಸುವ ಯೋಜನೆ ನಿಮ್ಮದಾಗಿದ್ದರೆ ಹಿಂದಿನ ದಿನಕ್ಕೆ ಮರಳಿಸಬಹುದು. ಗಾಬರಿಯಲ್ಲಿ ಒಂದೊಂದೇ ಫೈಲ್ ತೆರೆದು ಸೇವ್ ಮಾಡುತ್ತಾ ಕೂರುವುದು ಬೇಡ; ಪ್ರತಿ ಸೇವ್‌ಗೂ ಒಂದು ಹೊಸ ಆವೃತ್ತಿ ಹುಟ್ಟುತ್ತದೆ, ನಮ್ಮ ಕೆಲಸ ಅಷ್ಟು ಜಟಿಲವಾಗುತ್ತದೆ.

ಇನ್ನು, ಕ್ಲೌಡ್‌ಗೆ ಏರಿಯೇ ಇರದ ಫೈಲುಗಳು. ಕಾಲುವೆಗೆ ಬಿದ್ದ ಫೋನು, ಅದರಲ್ಲಿದ್ದ ಮಗುವಿನ ಎರಡು ವರ್ಷದ ಚಿತ್ರಗಳು, “ಬ್ಯಾಕಪ್ ಆನ್ ಇತ್ತು” ಎಂಬ ದೃಢವಾದ ಮಾತು. ಆನ್ ಇದ್ದದ್ದು ನಿಜ. ಆದರೆ ವೈಫೈ ಇದ್ದಾಗ ಮಾತ್ರ ಅಪ್‌ಲೋಡ್ ಮಾಡು ಎಂಬ ಆಯ್ಕೆಯೂ ಆನ್ ಆಗಿತ್ತು, ಮನೆಯಲ್ಲಿ ವೈಫೈ ಇರಲಿಲ್ಲ. ದೊಡ್ಡ ನಗರದ ಕಚೇರಿಯಲ್ಲಿ ಕುಳಿತು ಆ್ಯಪ್ ವಿನ್ಯಾಸ ಮಾಡುವವರಿಗೆ ವೈಫೈ ಇಲ್ಲದ ಮನೆ ಕಲ್ಪನೆಗೆ ಬರುವುದಿಲ್ಲವೋ ಏನೋ. ಯಲಬುರ್ಗಾ, ಮಾನ್ವಿ, ಸಿರುಗುಪ್ಪದ ಹಳ್ಳಿಗಳಲ್ಲಿ ಮೊಬೈಲ್ ಡೇಟಾ ಒಂದೇ ಆಧಾರವಾಗಿರುವ ಮನೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಆ ಆ್ಯಪ್ ವೈಫೈಗಾಗಿ ಕಾಯುತ್ತಲೇ ಇರುತ್ತದೆ. ದಿನದ ಡೇಟಾ ಉಳಿಯುವ ರಾತ್ರಿ ಹೊತ್ತಿನಲ್ಲಿ ಮೊಬೈಲ್ ಡೇಟಾಗೆ ಅನುಮತಿ ಕೊಡಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪ್ ಅನ್ನು ಹೊರಗಿಡಿ, ಕೊನೆಯ ಬ್ಯಾಕಪ್ ಯಾವ ದಿನದ್ದು ಎಂದು ಆಗಾಗ ತೆರೆದು ನೋಡಿ.

ಸ್ಟುಡಿಯೊದವರದ್ದು ಇದರದೇ ದೊಡ್ಡ ರೂಪ. ಮದುವೆಯೊಂದರ ವಿಡಿಯೊ ಮತ್ತು ಚಿತ್ರ ಸೇರಿ 200 ಜಿಬಿ ಆಯಿತು ಎನ್ನಿ. ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ, ಒಂದು ಕ್ಷಣವೂ ನಿಲ್ಲದೆ ಏರಿದರೂ ಸುಮಾರು 89 ಗಂಟೆ ಬೇಕು, ಅಂದರೆ ಮೂರೂಮುಕ್ಕಾಲು ದಿನ. ನಡುವೆ ಕರೆಂಟ್ ಹೋಗುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಮೆಮೊರಿ ಕಾರ್ಡನ್ನು ಮರುದಿನದ ಮದುವೆಗೇ ಫಾರ್ಮ್ಯಾಟ್ ಮಾಡಿರುತ್ತಾರೆ. ಇಂಥ ಕೆಲಸಕ್ಕೆ ಆನ್‌ಲೈನ್ ಸೇವೆ ಎರಡನೆಯ ಪ್ರತಿಯಾಗಬಹುದು, ಮೊದಲನೆಯದಾಗಬಾರದು. ಕಾರ್ಡ್ ಅಳಿಸುವ ಮುನ್ನ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇರಲೇಬೇಕು. ಸೇವೆ ಮಾರುವ ಕಂಪನಿಯಲ್ಲೇ ಇದ್ದುಕೊಂಡು ಹೀಗೆ ಹೇಳುತ್ತಿರುವುದಕ್ಕೆ ಮೇಲಿನವರು ಹುಬ್ಬೇರಿಸಬಹುದು. ಆದರೆ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರದ ಒಂದು ಇಡೀ ಕಟ್ಟಡವೇ ಸುಟ್ಟುಹೋಗಿದೆ. ಕ್ಲೌಡ್ ಎಂದರೆ ಕೊನೆಗೆ ಎಲ್ಲೋ ಒಂದು ಕಟ್ಟಡದೊಳಗಿನ ಯಂತ್ರಗಳೇ.

ಪ್ರತಿ ಇದ್ದರಷ್ಟೇ ಸಾಲದು, ಅದನ್ನು ಒಮ್ಮೆ ತೆರೆದು ನೋಡಬೇಕು. ಸಾಫ್ಟ್‌ವೇರ್ ಬರೆಯುವವರ ಕೋಡ್ ಇಡುವ ಗಿಟ್‌ಲ್ಯಾಬ್‌ನಂಥ ತಂತ್ರಜ್ಞರದೇ ಕಂಪನಿಯಲ್ಲಿ 2017ರ ಜನವರಿ 31ರಂದು ದತ್ತಾಂಶ ಆಕಸ್ಮಿಕವಾಗಿ ಅಳಿಸಿಹೋಯಿತು. ಇಟ್ಟುಕೊಂಡಿದ್ದ ಐದು ವಿಧದ ಬ್ಯಾಕಪ್ ಏರ್ಪಾಡುಗಳಲ್ಲಿ ಯಾವುದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ ಎಂದು ಅವರೇ ಬಹಿರಂಗವಾಗಿ ಬರೆದರು. ಹಾಗಿರುವಾಗ ಒಂದು ಹತ್ತಿ ವ್ಯಾಪಾರದ ಅಂಗಡಿಯನ್ನು ದೂರುವುದು ಹೇಗೆ?

ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಕಡತಗಳ ಬಗ್ಗೆಯೂ ದೂರುಗಳು ಬರುತ್ತವೆ. ಶಾಲೆ, ಪಂಚಾಯಿತಿ, ಮುದ್ರಣಾಲಯದವರು ಕರೆ ಮಾಡಿ, ಕ್ಲೌಡ್‌ಗೆ ಹಾಕಿದ ಮೇಲೆ ಫೈಲ್ ಕೆಟ್ಟಿದೆ, ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಚಿಹ್ನೆಗಳು ಕಾಣುತ್ತಿವೆ ಎನ್ನುತ್ತಾರೆ. ಫೈಲ್ ಕೆಟ್ಟಿಲ್ಲ. ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ಆ ಬರಹ ಓದಲು ಅದೇ ಫಾಂಟ್ ಬೇಕು, ಮೊಬೈಲಿನಲ್ಲಿ ಅದು ಇಲ್ಲ. ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿ ಇಟ್ಟರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಯಾಗುತ್ತದೆ.

ನಾವು ಮಾಡಲಾಗದ ಕೆಲವು ಕೆಲಸಗಳಿವೆ. ಕೆಲಸ ಬಿಟ್ಟ ಹುಡುಗ ತನ್ನ ಸ್ವಂತ ಐಡಿಯಲ್ಲಿ ಅಂಗಡಿಯ ಫೋಲ್ಡರ್ ತೆರೆದಿದ್ದರೆ, ಹಣ ಕಟ್ಟಿದವರು ನೀವೇ ಆಗಿದ್ದರೂ ಆ ಖಾತೆಯ ಬೀಗ ನಾವು ತೆಗೆದುಕೊಡುವುದಿಲ್ಲ. ಅಂಗಡಿಯ ಹೆಸರಿನ ಐಡಿಯಲ್ಲಿ ಖಾತೆ ತೆರೆದು, ಮರುಪ್ರಾಪ್ತಿಯ ಮೊಬೈಲ್ ಸಂಖ್ಯೆ ಮಾಲೀಕರದ್ದೇ ಇರುವಂತೆ ನೋಡಿಕೊಂಡರೆ ಈ ಜಗಳವೇ ಹುಟ್ಟುವುದಿಲ್ಲ. ಎರಡು ತುದಿಗಳ ನಡುವೆ ಗೂಢಲಿಪಿಯಿರುವ, ಅಂದರೆ ಬಳಕೆದಾರರ ಕೀಲಿಯಿಲ್ಲದೆ ಕಂಪನಿಯೂ ಓದಲಾಗದ ಖಾತೆಗಳ ಪಾಸ್‌ವರ್ಡ್ ಕಳೆದರೂ ಅಷ್ಟೆ. ವಾಟ್ಸ್‌ಆ್ಯಪ್ 2021ರಲ್ಲಿ ಇಂಥ ಬ್ಯಾಕಪ್ ಆಯ್ಕೆ ಕೊಟ್ಟಿತು; ಅದರ ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿ ಕಳೆದುಕೊಂಡರೆ ವಾಟ್ಸ್‌ಆ್ಯಪ್ ಕಂಪನಿಯೂ ತೆರೆಯಲಾರದು. “ನಿಮ್ಮ ಹತ್ತಿರವೇ ಕೀಲಿ ಇಲ್ಲವೆಂದರೆ ಹೇಗೆ ಮೇಡಂ?” ಎಂದು ಕೇಳುತ್ತಾರೆ. ಇಲ್ಲದಿರುವುದೇ ಅದರ ಭದ್ರತೆ. ಕೀಲಿಯನ್ನು ಕಾಗದದ ಮೇಲೆ ಬರೆದು ಆಸ್ತಿಪತ್ರಗಳ ಜೊತೆ ಬೀರುವಿನಲ್ಲಿ ಇಡಿ. ಭದ್ರತಾ ತಜ್ಞರು ನಗಬಹುದು, ನನ್ನ ಗ್ರಾಹಕರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ನಕಲಿ ಸಹಾಯವಾಣಿಗಳದ್ದು ಬೇರೆಯೇ ಕಾಟ. ಫೈಲ್ ಕಾಣದ ಗಾಬರಿಯಲ್ಲಿ ಜನ ಕಂಪನಿಯ ಹೆಸರಿನ ಜೊತೆ ಕಸ್ಟಮರ್ ಕೇರ್ ಎಂದು ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡುತ್ತಾರೆ. ಉಚಿತ ಖಾತೆಗಳಿಗೆ ಬಹಳಷ್ಟು ಕಂಪನಿಗಳು ಫೋನ್ ಸಹಾಯವನ್ನೇ ಕೊಡುವುದಿಲ್ಲ. ಆ ಖಾಲಿ ಜಾಗದಲ್ಲಿಯೇ ವಂಚಕರು ಅಂಗಡಿ ಇಟ್ಟಿದ್ದಾರೆ. ನಂಬರನ್ನು ಆ್ಯಪ್‌ನೊಳಗಿನ ಸಹಾಯ ಪುಟದಿಂದಲೇ ತೆಗೆದುಕೊಳ್ಳಿ. ಫೈಲ್ ಮರಳಿಸಲು ನಮಗೆ ನಿಮ್ಮ ಒಟಿಪಿಯೂ ಬೇಡ, ಯುಪಿಐ ಪಿನ್ನೂ ಬೇಡ, ಹತ್ತು ರೂಪಾಯಿಯ ಪರೀಕ್ಷಾ ಪಾವತಿಯೂ ಬೇಡ. ಬೇಕಾದದ್ದು ಮೇಲ್ ಐಡಿ, ಫೈಲಿನ ಹೆಸರು, ಕೊನೆಯ ಬಾರಿ ನೋಡಿದ ದಿನ ಮತ್ತು ಸಾಧನ, ಪರದೆಯ ಮೇಲೆ ಕಂಡ ಸಂದೇಶದ ಚಿತ್ರ. ವಂಚಕರ ಮಾತು ಕೇಳಿ ಈಗಾಗಲೇ ಹಣ ಹೋಗಿದ್ದರೆ ನಮಗೆ ಕರೆ ಮಾಡುತ್ತಾ ಸಮಯ ಕಳೆಯಬೇಡಿ, ತಕ್ಷಣ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಮತ್ತು ಬ್ಯಾಂಕಿಗೆ ತಿಳಿಸಿ. ಫೈಲಿನ ಟಿಕೆಟ್ (ದೂರು) ಅನ್ನು ಆ ಸಂಜೆ ತೆರೆದರೂ ನಡೆಯುತ್ತದೆ.