ಮನೆಯ ನೆಟ್‌ವರ್ಕ್‌ಗೆ ಬೇಕಾದ ಸಾಧನಗಳು: ವೇಗ ಎಲ್ಲಿ ಕಡಿಮೆಯಾಗುತ್ತದೆ?

ಫೈಬರ್ ಸಂಪರ್ಕವಿರುವ ಮನೆಯನ್ನೇ ತೆಗೆದುಕೊಳ್ಳೋಣ. ಹೊರಗಿನಿಂದ ಬಂದ ಫೈಬರ್ ಎಳೆ ಮೊದಲು ಸೇರುವುದು ಓಎನ್‌ಟಿ (ಆಪ್ಟಿಕಲ್ ನೆಟ್‌ವರ್ಕ್ ಟರ್ಮಿನಲ್) ಎಂಬ ಪೆಟ್ಟಿಗೆಗೆ. ಬೆಳಕಾಗಿ ಬಂದ ಸಂಕೇತವನ್ನು ಅದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಮುಂದಿನದು ರೌಟರ್. ಒಂದೇ ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೆ ಹಂಚಿ, ಪ್ರತಿಯೊಂದಕ್ಕೂ 192.168.1.5 ಎಂಬಂಥ ಒಳವಿಳಾಸ ಕೊಡುವುದು ಇದರ ಕೆಲಸ. ಈಗ ಇವೆರಡೂ ವೈಫೈ ಸಮೇತ ಒಂದೇ ಪೆಟ್ಟಿಗೆಯಲ್ಲಿ ಬರುವುದುಂಟು. ಆದರೂ ಕೆಲಸಗಳು ಬೇರೆ ಬೇರೆ ಎಂಬುದು ನೆನಪಿರಲಿ.

ರೌಟರ್‌ನ ಲ್ಯಾನ್ ಪೋರ್ಟ್‌ಗಳು (ಮನೆಯೊಳಗಿನ ಸಾಧನಗಳ ಕೇಬಲ್ ಚುಚ್ಚುವ ಕಿಂಡಿಗಳು) ಸಾಲದಿದ್ದರೆ ಸ್ವಿಚ್ ಹಾಕಬೇಕು. ಯಾವ ಮ್ಯಾಕ್ ವಿಳಾಸ (ಪ್ರತಿ ಸಾಧನದ ನೆಟ್‌ವರ್ಕ್ ಭಾಗಕ್ಕಿರುವ ಗುರುತಿನ ಸಂಖ್ಯೆ) ಯಾವ ಪೋರ್ಟಿನಲ್ಲಿದೆ ಎಂದು ಕಲಿತುಕೊಂಡು, ಮಾಹಿತಿಯನ್ನು ಆ ಪೋರ್ಟಿಗಷ್ಟೇ ಅದು ಕಳಿಸುತ್ತದೆ. ಹಳೆಯ ಹಬ್ ಎಲ್ಲ ಪೋರ್ಟಿಗೂ ಕಳಿಸುತ್ತಿತ್ತು.

ಇನ್ನು ನಾವೆಲ್ಲ ಗಮನಕೊಟ್ಟು ಓದಬೇಕಾದ ಭಾಗ. 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಪ್ಲಾನ್ ಹಾಕಿಸಿದರೂ ತಂತಿಯಲ್ಲಿ 94ರ ಆಸುಪಾಸಿಗೇ ನಿಲ್ಲುತ್ತಿದ್ದರೆ, ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಕೊಂಡಿಯಿದೆ ಎಂದೇ ತಿಳಿಯಿರಿ. ಮೊದಲು ಪೋರ್ಟ್ ನೋಡಿ. ರೌಟರ್ ಡಬ್ಬಿಯ ಮೇಲೆ ದೊಡ್ಡದಾಗಿ ಎಸಿ1200 ಎಂದಿರಬಹುದು. ಅದು ಎರಡು ವೈಫೈ ಬ್ಯಾಂಡ್‌ಗಳ, ಅಂದರೆ ತರಂಗಪಟ್ಟಿಗಳ, ಗರಿಷ್ಠ ವೇಗವನ್ನು (300 ಮತ್ತು 867) ಕೂಡಿಸಿದ ಲೆಕ್ಕ. ಪೋರ್ಟಿನ ವೇಗ ಬೇಕಿದ್ದರೆ ಸಣ್ಣ ಅಕ್ಷರದಲ್ಲಿರುವ 10/100/1000 ಹುಡುಕಿ. ಬರೀ 10/100 ಇದ್ದರೆ ನಾನಂತೂ ಕೊಳ್ಳಬೇಡಿ ಎನ್ನುತ್ತೇನೆ.

ಪೋರ್ಟ್ ಸರಿಯಿದ್ದರೆ ಅನುಮಾನ ಕೇಬಲ್ ಮೇಲೆ. ಅದರೊಳಗೆ 8 ತಂತಿ, 4 ಜೋಡಿ. 100 ಎಂಬಿಪಿಎಸ್‌ಗೆ 1, 2, 3, 6ನೇ ಪಿನ್‌ಗಳು ಸಾಕು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಹಾಗಾಗಿ 4, 5, 7, 8ರಲ್ಲಿ ಒಂದು ತುಂಡಾದರೂ ನೆಟ್ ನಡೆಯುತ್ತಲೇ ಇರುತ್ತದೆ, ವೇಗ ಮಾತ್ರ 100ಕ್ಕೆ ಇಳಿಯುತ್ತದೆ. ಕೇಬಲ್ ತುದಿಗೆ ಆರ್‌ಜೆ45 ಕನೆಕ್ಟರನ್ನು ಕ್ರಿಂಪ್ ಮಾಡುವಾಗ (ಒತ್ತಿ ಕೂರಿಸುವಾಗ) ಟಿ568ಬಿ ಎಂಬ ಬಣ್ಣಗಳ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರಗಿನ ವಿದ್ಯುತ್ ಗದ್ದಲ ತಟ್ಟದಿರಲೆಂದೇ ಜೋಡಿಗಳನ್ನು ಹೆಣೆದಿರುತ್ತಾರೆ. ತುದಿಯಲ್ಲಿ ಬೇಕಾದಷ್ಟೇ ಬಿಚ್ಚಿ. ಮನೆಗೆ ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಗ್ಗಕ್ಕೆ ಸಿಗುತ್ತದೆ, ಆದರೆ ಬೇಗ ಮುರಿಯುತ್ತದೆ.

ವೈಫೈನಲ್ಲಿ 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ. ಕರಾವಳಿಯ ದಪ್ಪ ಮುರಕಲ್ಲಿನ ಗೋಡೆಗೋ ಆರ್‌ಸಿಸಿ ತಾರಸಿಗೋ 5 ಬೇಗ ಸೋಲುತ್ತದೆ. ಅಂಥ ಕಡೆ ಮಹಡಿಗೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ (ತಂತಿಯ ಸಂಪರ್ಕವನ್ನು ವೈಫೈ ಆಗಿ ಹರಡುವ ಸಾಧನ) ಇಡುವುದೇ ಮೇಲು. ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡು ಅದರಲ್ಲೇ ಮರುಪ್ರಸಾರ ಮಾಡುವ ಎಕ್ಸ್‌ಟೆಂಡರ್‌ನಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಕರೆಂಟ್ ಹೋದಾಗಲೂ ನೆಟ್ ಬೇಕೆಂದರೆ ಮಿನಿ ಯುಪಿಎಸ್ ಇದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ಓಎನ್‌ಟಿ ಬೇರೆಯಾಗಿದ್ದರೆ ಅದಕ್ಕೂ ಕರೆಂಟ್ ಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ, ಅಂಗಳ ದಾಟಿ ಬರುವ ಲ್ಯಾನ್ ಕೇಬಲ್ಲನ್ನೂ ಕಳಚಿಡಿ. ಗಾಜಿನ ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯದು, ತಾಮ್ರದ ಕೇಬಲ್‌ನಲ್ಲಿ ಹರಿಯುತ್ತದೆ.