ಡಬ್ಬಿಯೊಳಗೆ ಸೇರಿದ ಮೋಟಾರು: ಕಂಪ್ರೆಸರ್ ಕೆಡುವುದೇಕೆ ಎಂಬುದರ ಹಿಂದಿನ ಕಥೆ

ಅಂಗಡಿಯ ದೊಡ್ಡ ಫ್ರಿಜ್ ತಂಪು ಕೊಡುತ್ತಿಲ್ಲವೆಂದು ಮೆಕ್ಯಾನಿಕ್ ಅನ್ನು ಕರೆಸಿದರೆ ಎಷ್ಟೋ ಸಲ ಸಿಗುವ ಉತ್ತರ ಒಂದೇ: ಕಂಪ್ರೆಸರ್ ಹೋಗಿದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ. ವರ್ಷ ತುಂಬುವ ಮೊದಲೇ ಅದೂ ಸುಟ್ಟುಹೋಗುತ್ತದೆ. ಮಾಲೀಕರು ತಯಾರಕರನ್ನು ದೂರುತ್ತಾರೆ, ತಯಾರಕರು ಕರೆಂಟನ್ನು ದೂರುತ್ತಾರೆ. ಎರಡನ್ನೂ ಕೊಂದ ಕಾರಣ ಹೆಚ್ಚಾಗಿ ಕಂಪ್ರೆಸರ್‌ನ ಹೊರಗೇ ಇರುತ್ತದೆ. ಹೀಗೇಕೆ ಎಂಬುದು ಈ ಯಂತ್ರ ಬೆಳೆದುಬಂದ ದಾರಿಯನ್ನು ನೋಡಿದರೆ ತಿಳಿಯುತ್ತದೆ.

ಮೊದಲು ಅದು ಮಾಡುವ ಕೆಲಸ. ಅಂಗೈಗೆ ಸ್ಪಿರಿಟ್ ಹಚ್ಚಿಕೊಂಡರೆ ತಣ್ಣಗಾಗುತ್ತದಲ್ಲ, ಫ್ರಿಜ್ ನಡೆಯುವುದೂ ಅದೇ ತತ್ವದ ಮೇಲೆ: ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆರ್-134ಎ ಎಂಬ ಗ್ಯಾಸ್ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಪೆಟ್ಟಿಗೆಯ ಒಳಗಿನ ಕಾಯಿಲ್‌ನಲ್ಲಿ ಕುದಿದು ಶಾಖ ಹೊತ್ತ ಈ ಆವಿಯನ್ನು ಮತ್ತೆ ದ್ರವ ಮಾಡಬೇಕು. ಹೊರಗಿನ ಗಾಳಿಯೇ ಬೆಚ್ಚಗಿದ್ದರೆ ಅದು ತಾನಾಗಿ ತಣಿಯುವುದಿಲ್ಲ. ಹಾಗಾಗಿ ಕಂಪ್ರೆಸರ್ ಅದನ್ನು ಹೀರಿ, ಅದುಮಿ, ಗಾಳಿಗಿಂತ ಬಿಸಿ ಮಾಡಿ ಕಂಡೆನ್ಸರ್‌ಗೆ, ಅಂದರೆ ಶಾಖವನ್ನು ಹೊರಗೆ ಬಿಡುವ ಕಾಯಿಲ್‌ಗೆ, ತಳ್ಳುತ್ತದೆ. ವಾತಾವರಣದ ಸುಮಾರು 10 ಪಟ್ಟು ಒತ್ತಡವಿದ್ದರೆ ಅದೇ ಗ್ಯಾಸ್ 40 ಡಿಗ್ರಿಯಲ್ಲಿ ದ್ರವವಾಗುತ್ತದೆ. ಅಂದರೆ ಕಂಪ್ರೆಸರ್ ತಂಪನ್ನು ತಯಾರಿಸುವುದಿಲ್ಲ, ಶಾಖವನ್ನು ಒಳಗಿನಿಂದ ಹೊರಗೆ ಹೊತ್ತು ಹಾಕುತ್ತದೆ. ಹೊರಗೆ ಹಾಕುವ ಜಾಗ ಕಟ್ಟಿಕೊಂಡಿದ್ದರೆ ಹೊರೆಯೆಲ್ಲ ಅದರ ತಲೆಯ ಮೇಲೇ ಉಳಿಯುತ್ತದೆ.

ಈ ಚಕ್ರಕ್ಕೆ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದದ್ದು 1834ರಲ್ಲಿ. ಆತ ನೆಚ್ಚಿಕೊಂಡದ್ದು ಈಥರ್ ಅನ್ನು. 1850ರ ದಶಕದಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅದೇ ಈಥರ್‌ನಿಂದ ಐಸ್ ಮಾಡುವ ಯಂತ್ರ ಕಟ್ಟಿದ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆ ಅಮೋನಿಯಾಕ್ಕೆ ಬಂದ, ಬಿಯರ್ ಕಾರ್ಖಾನೆಗಳು ಆತನ ಮೊದಲ ದೊಡ್ಡ ಗಿರಾಕಿಗಳಾದವು. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯಾ ಇಂದಿಗೂ ಓಡುತ್ತಿದೆ.

ಆ ಕಾಲದ ಕಂಪ್ರೆಸರ್‌ಗಳೆಲ್ಲ ತೆರೆದ ಯಂತ್ರಗಳು. ಸ್ಟೀಮ್ ಎಂಜಿನ್ನೋ ಮೋಟಾರೋ ಹೊರಗೆ, ಕಂಪ್ರೆಸರ್ ಬೇರೆ, ನಡುವೆ ಬೆಲ್ಟ್. ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಗ್ಯಾಸ್ ಸೋರುತ್ತಿತ್ತು. ಆದರೆ ಎಣ್ಣೆಯ ಡಬ್ಬಿ ಹಿಡಿದ ಒಬ್ಬ ಮನುಷ್ಯ ದಿನವೂ ಅದರ ಪಕ್ಕದಲ್ಲೇ ಇರುತ್ತಿದ್ದ. ಬೇರಿಂಗ್ ಮುಟ್ಟಿ ನೋಡುತ್ತಿದ್ದ, ಸದ್ದು ಬದಲಾದರೆ ನಿಲ್ಲಿಸುತ್ತಿದ್ದ.

ಕಾರ್ಖಾನೆಯಲ್ಲಿ ಇದು ನಡೆದೀತು, ಮನೆಯಲ್ಲಿ, ಅಂಗಡಿಯಲ್ಲಿ ನಡೆಯದು. ಆಗ ಬಳಕೆಯಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮೂರೂ ವಿಷ. ಬರ್ಲಿನ್‌ನಲ್ಲಿ ಫ್ರಿಜ್‌ನ ಗ್ಯಾಸ್ ಸೋರಿ ಒಂದು ಕುಟುಂಬವೇ ಸತ್ತ ಸುದ್ದಿ ಓದಿ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ ಚಲಿಸುವ ಭಾಗಗಳೇ ಇಲ್ಲದ, ಹಾಗಾಗಿ ಸೀಲ್ ಸವೆಯುವ ಭಯವೇ ಇಲ್ಲದ ಫ್ರಿಜ್‌ಗಳನ್ನು ರೂಪಿಸಹೊರಟರು. ಗೆದ್ದದ್ದು ಬೇರೆ ಉಪಾಯ. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ತಂದ ಮಾನಿಟರ್ ಟಾಪ್ ಫ್ರಿಜ್‌ನಲ್ಲಿ ಮೋಟಾರು, ಕಂಪ್ರೆಸರ್, ಎಣ್ಣೆ ಎಲ್ಲವೂ ಒಂದೇ ಉಕ್ಕಿನ ಡಬ್ಬಿಯೊಳಗೆ ಸೇರಿ ಮುಚ್ಚಿಹೋದವು. ಶಾಫ್ಟ್ ಹೊರಗೆ ಬರುವುದೇ ಇಲ್ಲವೆಂದ ಮೇಲೆ ಅಲ್ಲಿ ಸೋರುವ ಮಾತಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ನನ್ನ ದೃಷ್ಟಿಯಲ್ಲಿ ಕಂಪ್ರೆಸರ್‌ನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಎಣ್ಣೆ ಡಬ್ಬಿಯ ಮನುಷ್ಯ ಹೊರಗೆ ಉಳಿದ, ಅವನ ಕೆಲಸವನ್ನೆಲ್ಲ ಗ್ಯಾಸ್‌ಗೆ ವಹಿಸಲಾಯಿತು. ಇಂದಿನ ವಾಣಿಜ್ಯ ಫ್ರಿಜ್‌ಗಳ ಹರ್ಮೆಟಿಕ್, ಅಂದರೆ ಪೂರ್ತಿ ಬೆಸೆದು ಮುಚ್ಚಿದ ಕಂಪ್ರೆಸರ್ ಆಗಲಿ, ಬೋಲ್ಟ್ ಬಿಚ್ಚಿ ರಿಪೇರಿ ಮಾಡಬಹುದಾದ ಸೆಮಿ ಹರ್ಮೆಟಿಕ್ ಆಗಲಿ, ಬಹುಪಾಲು ಮೋಟಾರುಗಳು ತಣಿಯುವುದು ಕಾಯಿಲ್‌ನಿಂದ ಮರಳಿ ಬರುವ ತಂಪು ಆವಿಯಿಂದಲೇ. ಎಣ್ಣೆಯೂ ಸ್ವಲ್ಪ ಸ್ವಲ್ಪ ಗ್ಯಾಸ್ ಜೊತೆ ಪೈಪಿನಲ್ಲಿ ಸುತ್ತಿ ವಾಪಸು ಬರುತ್ತದೆ. ಹೀಗಾಗಿ ಗ್ಯಾಸ್ ಸೋರಿ ಕಡಿಮೆಯಾದರೆ ತಂಪು ಇಳಿಯುವುದಷ್ಟೇ ಅಲ್ಲ, ಮೋಟಾರು ಬೇಯುತ್ತದೆ, ಎಣ್ಣೆ ದೂರದ ಕಾಯಿಲ್‌ನಲ್ಲೇ ಉಳಿದು ಬೇರಿಂಗ್ ಒಣಗುತ್ತದೆ. ಲೀಕ್ ಹುಡುಕದೆ ಆರು ತಿಂಗಳಿಗೊಮ್ಮೆ ಗ್ಯಾಸ್ ತುಂಬಿಸುತ್ತಾ ಹೋಗುವವರು ಪ್ರತಿ ಸಲವೂ ಮೋಟಾರನ್ನು ಕೆಲವು ವಾರ ಹೀಗೆ ಬೇಯಿಸಿರುತ್ತಾರೆ.

ಕಂಡೆನ್ಸರ್‌ನ ಕಥೆ ಇನ್ನೂ ಸರಳ, ಇನ್ನೂ ಬೇಸರ ತರಿಸುವಂಥದ್ದು. ಧೂಳು, ಹಿಟ್ಟು, ಅಡುಗೆಯ ಜಿಡ್ಡು ಕಾಯಿಲ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಶಾಖ ಹೊರಹೋಗದೆ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ಹೊರಡುವ ಪೈಪ್ ಕಾಯುತ್ತದೆ. ಕಂಪ್ರೆಸರ್‌ನಿಂದ ಸುಮಾರು ಆರು ಇಂಚು ದೂರದಲ್ಲಿ ಆ ಪೈಪಿನ ಬಿಸಿ 107 ಡಿಗ್ರಿ ದಾಟಬಾರದೆಂಬುದು ಈ ಕಸುಬಿನವರ ಹಳೆಯ ಲೆಕ್ಕ. ವಾಲ್ವ್ ಬಳಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ, ಎಣ್ಣೆ ಅಲ್ಲಿ ಸೀದು ಮಸಿಯಾಗುತ್ತದೆ. ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ, ಮೆತ್ತನೆ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಧೂಳು ಎಳೆದರೆ ಸಾಕು, ಜಿಡ್ಡಿನ ಅಡುಗೆಮನೆಯಾದರೆ ಇನ್ನೂ ಬೇಗ ಬೇಗ. ಅಡ್ಡ ಉಜ್ಜಿದರೆ ರೆಕ್ಕೆ ಮಡಚುತ್ತದೆ. ಫ್ಯಾನ್ ಸಲೀಸಾಗಿ ತಿರುಗುತ್ತಿದೆಯೇ, ಫ್ರಿಜ್ ಹಿಂದೆ ಗಾಳಿಯಾಡಲು ಜಾಗವಿದೆಯೇ, ಬಾಗಿಲಿನ ಗ್ಯಾಸ್ಕೆಟ್ ಹರಿದಿಲ್ಲವೇ ಎಂಬುದನ್ನೂ ಆಗಲೇ ನೋಡಬಹುದು. ಈ ಇಡೀ ಲೇಖನದಿಂದ ಒಂದೇ ಮಾತು ನೆನಪಿಡುವುದಾದರೆ ಈ ಬ್ರಷ್ ನೆನಪಿರಲಿ.

ಇದಕ್ಕೆ ತದ್ವಿರುದ್ಧವಾದ ಸಾವೂ ಒಂದಿದೆ. ಒಳಗಿನ ಫ್ಯಾನ್ ನಿಂತರೆ ಅಥವಾ ಕಾಯಿಲ್‌ಗೆ ಮಂಜು ಕಟ್ಟಿದರೆ ದ್ರವ ಪೂರ್ತಿ ಆವಿಯಾಗದೆ ಹಾಗೇ ಕಂಪ್ರೆಸರ್‌ಗೆ ನುಗ್ಗುತ್ತದೆ. ಆವಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ವಾಲ್ವ್ ಮುರಿಯುತ್ತದೆ, ಇಲ್ಲವೇ ಎಣ್ಣೆ ತೊಳೆದುಹೋಗುತ್ತದೆ. ಕಂಪ್ರೆಸರ್ ಮೈಮೇಲೆ ಮಂಜು ಕಂಡರೆ ಚೆನ್ನಾಗಿ ತಂಪಾಗುತ್ತಿದೆ ಎಂದು ಖುಷಿಪಡುವವರಿದ್ದಾರೆ. ಸಾಮಾನ್ಯ ಫ್ರಿಜ್‌ನಲ್ಲಿ ಅದು ಅಪಾಯದ ಗುರುತು.

ಗ್ಯಾಸ್‌ನ ಕಥೆಗೆ ಮರಳೋಣ. 1930ರಲ್ಲಿ ಥಾಮಸ್ ಮಿಜ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಹೊಸ ಗ್ಯಾಸನ್ನು ಉಸಿರಿಗೆಳೆದುಕೊಂಡು, ಅದನ್ನೇ ಊದಿ ಮೇಣದಬತ್ತಿ ಆರಿಸಿ ತೋರಿಸಿದ. ವಿಷವಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಎಂಬ ಈ ಬಗೆಯ ಗ್ಯಾಸ್‌ಗಳ ಯುಗ ಶುರುವಾಯಿತು. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಅದು ಓಝೋನ್ ಪದರವನ್ನು ಕೊರೆಯಬಲ್ಲದೆಂದು ಎಚ್ಚರಿಸಿದರು, 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹಂತಹಂತವಾಗಿ ನಿಲ್ಲಿಸಹೊರಟಿತು. ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಝೋನ್ ಮುಟ್ಟಲಿಲ್ಲ, ಭೂಮಿಯನ್ನು ಬಿಸಿ ಮಾಡಿದವು. ಅಂಗಡಿಗಳ ಫ್ರೀಜರ್‌ಗಳಲ್ಲಿ ಹೆಚ್ಚು ಬಳಕೆಯಾದ ಆರ್-404ಎ ಕಾರ್ಬನ್ ಡೈಆಕ್ಸೈಡ್‌ಗಿಂತ 3,900 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಅದೇ ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಎಚ್‌ಎಫ್‌ಸಿಗಳನ್ನು ಇಳಿಸುತ್ತಾ ಬರಲು ಹೇಳಿತು. ಈಗ ಸರದಿ ಪ್ರೊಪೇನ್‌ನದು, ಅಂದರೆ ಆರ್-290. ಅದು ಬೆಂಕಿ ಹಿಡಿಯುವ ಗ್ಯಾಸ್, ಆದ್ದರಿಂದ ಪ್ರಮಾಣಕ್ಕೆ ಮಿತಿಯಿದೆ. 150 ಗ್ರಾಂ ಇದ್ದ ಮಿತಿಯನ್ನು ಅಂತರರಾಷ್ಟ್ರೀಯ ಮಾನದಂಡವು 2019ರಲ್ಲಿ ಸುಮಾರು 500 ಗ್ರಾಂವರೆಗೆ ಏರಿಸಿತು. ಪ್ರೊಪೇನ್ ತುಂಬಿದ ಫ್ರಿಜ್‌ನ ಪೈಪನ್ನು ಗ್ಯಾಸ್ ತೆಗೆಯದೆ ಬೆಸುಗೆಗೆ ಒಡ್ಡುವುದು ಜೀವಕ್ಕೇ ಅಪಾಯ. ತರಬೇತಿ ಇಲ್ಲದವರ ಕೈಗೆ ಇದನ್ನು ಕೊಡಬಾರದು.

ಗ್ಯಾಸ್ ಬದಲಾದಾಗ ಎಣ್ಣೆಯೂ ಬದಲಾಯಿತು. ಸಿಎಫ್‌ಸಿ ಕಾಲದ ಖನಿಜ ಎಣ್ಣೆ ಎಚ್‌ಎಫ್‌ಸಿಗಳಲ್ಲಿ ಬೆರೆಯುವುದಿಲ್ಲ, ಹಾಗಾಗಿ ಪಾಲಿಯೋಲ್ ಎಸ್ಟರ್ ಎಣ್ಣೆ ಬಂತು. ಈ ಎಣ್ಣೆಗೆ ನೀರೆಂದರೆ ದಾಹ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ, ಬಿಸಿಯಲ್ಲಿ ಆ ನೀರು ಎಣ್ಣೆಯನ್ನು ಒಡೆದು ಆಮ್ಲ ಮಾಡುತ್ತದೆ, ಆಮ್ಲ ವೈಂಡಿಂಗ್ ಅನ್ನು, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿಯನ್ನು ತಿನ್ನುತ್ತದೆ. ಆದ್ದರಿಂದ ಪೈಪ್ ಒಮ್ಮೆ ತೆರೆದರೆ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದಾಗಬೇಕು, ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ನಿರ್ವಾತವನ್ನು ಅಳೆಯುವ ಮಾನ) ಕೆಳಗೆ ಇಳಿಸಬೇಕು. ಪಂಪ್ ನಿಲ್ಲಿಸಿದ ಮೇಲೆ ಮೀಟರ್‌ನ ಮುಳ್ಳು ಏರುತ್ತಾ ಹೋದರೆ ಒಳಗೆ ತೇವವಿದೆ ಅಥವಾ ಎಲ್ಲೋ ಲೀಕ್ ಇದೆ.

ಮೊದಲು ಹೇಳಿದ ಆ ಎರಡನೆಯ ಕಂಪ್ರೆಸರ್ ಸಾಯುವ ದಾರಿ ಬಹುಮಟ್ಟಿಗೆ ಇದೇ. ಮೊದಲನೆಯದರ ವೈಂಡಿಂಗ್ ಸುಟ್ಟಾಗ ಹುಟ್ಟಿದ ಆಮ್ಲ ಮತ್ತು ಮಸಿ ಪೈಪುಗಳಲ್ಲಿ, ಹಳೆಯ ಡ್ರೈಯರ್‌ನಲ್ಲಿ ಉಳಿದಿರುತ್ತದೆ. ಹೊಸದನ್ನು ಕೂರಿಸುವ ಮೊದಲು ಹಳೆಯ ಎಣ್ಣೆಗೆ ಆಮ್ಲ ಪರೀಕ್ಷೆ ಮಾಡಿಸಿ, ಪೈಪುಗಳನ್ನು ಶುದ್ಧ ಮಾಡಿ, ಆಮ್ಲ ಹೀರುವ ಡ್ರೈಯರ್ ಹಾಕಿ, ಕೆಲವು ದಿನ ಓಡಿಸಿದ ಮೇಲೆ ಅದನ್ನೂ ತೆಗೆದು ಇನ್ನೊಂದು ಹಾಕಬೇಕು. ಮೆಕ್ಯಾನಿಕ್ ಹೊಸ ಕಂಪ್ರೆಸರ್ ತಂದ ದಿನ ಜೊತೆಗೆ ಡ್ರೈಯರ್ ತಂದಿದ್ದಾರೆಯೇ ಎಂದು ಮಾಲೀಕರು ಕೇಳಬೇಕು.