ಲಿಂಬೆಹಣ್ಣು ಮತ್ತು 128 ಬೈಟ್

ಆಯುಧ ಪೂಜೆಯ ಮರುದಿನ ಹುಬ್ಬಳ್ಳಿಯ ವಿದ್ಯಾನಗರದ ಒಂದು ರೂಮಿಗೆ ಹೋಗಿದ್ದೆ. ಅಲ್ಲಿ ಇಂಜಿನಿಯರಿಂಗ್ ಓದುವ ಮೂವರು ಹುಡುಗರು ತಮ್ಮದೇ ಪುಟ್ಟ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದಾರೆ. ಲ್ಯಾಪ್‌ಟಾಪಿನ ಮೇಲೆ ಕುಂಕುಮ ಹಚ್ಚಿದ ಲಿಂಬೆಹಣ್ಣು ಇತ್ತು. "ಇದೇನ್ರಪಾ?" ಅಂದೆ.

"ಕೀ ಒತ್ತಿದಾಗ ಒಮ್ಮೊಮ್ಮೆ ತಾನಾಗೇ ರೀಸ್ಟಾರ್ಟ್ ಆಗ್ತದ್ರಿ ಸರ. ಕೋಡ್ ಹತ್ತು ಸಲ ನೋಡೀವಿ, ಒಂದೂ ತಪ್ಪಿಲ್ಲ. ಯಾರದೋ ದೃಷ್ಟಿ ಆಗೇದ."

ಕೋಡಿನಲ್ಲಿ ತಪ್ಪಿರಲಿಲ್ಲ, ಅದು ನಿಜ. ದೃಷ್ಟಿ ಮಾತ್ರ ಸುಳ್ಳು. ಇದೇ ಕೋಡ್ 32 ಬಿಟ್‌ನಲ್ಲಿ ಸರಿಯಾಗಿ ಓಡುತ್ತಿತ್ತಂತೆ. 64 ಬಿಟ್‌ಗೆ ಬಂದ ಮೇಲೆ ಕಾಟ ಶುರುವಾಗಿದೆ. ಅಷ್ಟು ಕೇಳಿದ್ದೇ ಕಳ್ಳ ಯಾರೆಂದು ಗೊತ್ತಾಯಿತು. ಅವರು ಲ್ಯಾಪ್‌ಟಾಪಿನ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಜೊತೆ ಬಂದ ಕಂಪೈಲರನ್ನೇ, ಅಂದರೆ ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿಯನ್ನೇ, ಬಳಸುತ್ತಿದ್ದರು. ತಾನು ಲಿನಕ್ಸ್ ಮೇಲೆ ಓಡುವ ಪ್ರೋಗ್ರಾಂ ಮಾಡುತ್ತಿದ್ದೇನೆ ಅಂತ ಅದು ತಿಳಿದಿತ್ತು.

ಗದಗಿನ ಬಸ್ಸು ಬಂದು ನಿಂತರೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತೇವಲ್ಲ, ಸ್ಟ್ಯಾಕ್ ಪಾಯಿಂಟರ್ ಆ ಟವೆಲ್ ಇದ್ದಂತೆ. ಪ್ರೋಗ್ರಾಂ ತನ್ನ ತಾತ್ಕಾಲಿಕ ಲೆಕ್ಕ ಇಡುವ ಮೆಮೊರಿಯೇ ಸ್ಟ್ಯಾಕ್, ಅದು ಎಲ್ಲಿಯವರೆಗೆ ತುಂಬಿದೆ ಅಂತ ತೋರಿಸುವ ಗುರುತು ಈ ಪಾಯಿಂಟರ್. ಅಲ್ಲಿಯವರೆಗೆ ಜಾಗ ನಮ್ಮದು. ಆದರೆ 64 ಬಿಟ್ ಲಿನಕ್ಸ್ ಪಾಲಿಸುವ ಕರಾರಿನಲ್ಲಿ ಒಂದು ಸಡಿಲಿಕೆ ಇದೆ. ಟವೆಲ್ಲಿನ ಆಚೆಗೂ 128 ಬೈಟ್ ಜಾಗವನ್ನು ಸುಮ್ನೆ ಬಳಸಬಹುದು. ಇದೇ ರೆಡ್ ಝೋನ್. ಬೇರೆ ಯಾವ ಫಂಕ್ಷನ್ನನ್ನೂ ಕರೆಯದ ಸಣ್ಣ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಸಿಕ್ಕರೆ, "ಒಂದು ನಿಮಿಷದ ಕೆಲಸ, ಟವೆಲ್ ಯಾಕೆ ಸರಿಸೋದು" ಅಂತ ಕಂಪೈಲರ್ ತನ್ನ ಚೀಲವನ್ನು ಪಕ್ಕದ ಸೀಟಿನಲ್ಲಿ ಇಟ್ಟುಬಿಡುತ್ತದೆ.

ಸಾಮಾನ್ಯ ಪ್ರೋಗ್ರಾಂಗೆ ಇದರಿಂದ ತೊಂದರೆಯಿಲ್ಲ. ಕೀ ಒತ್ತಿದಾಗ ಪ್ರೊಸೆಸರಿನ ಕೆಲಸ ನಡುವೆ ನಿಲ್ಲಿಸುವ ಕರೆಯೇ ಇಂಟರಪ್ಟ್. ಅದು ಬಂದರೆ ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಸ್ಟ್ಯಾಕಿಗೆ, ಅಂದರೆ ಬೇರೆ ಬಸ್ಸಿಗೆ ಹತ್ತುತ್ತದೆ. ಈ ಹುಡುಗರು ಕಟ್ಟುತ್ತಿದ್ದದ್ದು ಕರ್ನಲ್ಲನ್ನೇ. ಅದೇ ಓಡುತ್ತಿರುವಾಗ ಕೀ ಒತ್ತಿದರೆ? ಆಗ ಇರೋದು ಅದೇ ಬಸ್ಸು. ಪ್ರೊಸೆಸರ್ ಟವೆಲ್ ಎಲ್ಲಿದೆ ಅಂತಷ್ಟೇ ನೋಡಿ, ಪಕ್ಕದಲ್ಲೇ ತನ್ನ 40 ಬೈಟಿನ ಮೂಟೆ ಕುಕ್ಕುತ್ತದೆ. ಅಲ್ಲಿಗೆ ಚೀಲ ಅಪ್ಪಚ್ಚಿ, ಯಂತ್ರ ರೀಸ್ಟಾರ್ಟ್.

ಇನ್ನೊಂದು ಥರ ಹೇಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಲೆಕ್ಕದ ಪುಸ್ತಕದಲ್ಲಿ ದಾರ ಇಟ್ಟು, ದಾರದ ಮುಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಕೂಡುತ್ತಿದ್ದಾನೆ. ನಡುವೆ ಇನ್ನೊಬ್ಬ ಬಂದು, ದಾರ ಇದ್ದಲ್ಲಿಂದ ಇಂಕಿನಲ್ಲಿ ಬರೆಯತೊಡಗಿದ. ಇಬ್ಬರದೂ ತಪ್ಪಿಲ್ಲ, ಆದರೂ ಲೆಕ್ಕ ಕೆಟ್ಟಿತು. ಚೀಲ ಅಲ್ಲಿರುವ ಕ್ಷಣಕ್ಕೇ ಇಂಟರಪ್ಟ್ ಬರಬೇಕು, ಅದಕ್ಕೇ 'ಒಮ್ಮೊಮ್ಮೆ'. ದೃಷ್ಟಿ, ಗ್ರಹಚಾರ ಎಲ್ಲ ಹುಟ್ಟೋದು ಇಂಥ ಒಮ್ಮೊಮ್ಮೆಗಳಲ್ಲೇ.

"ಹಂಗಾರ ಜಿಸಿಸಿ ಬಿಟ್ಟು ಕ್ಲ್ಯಾಂಗ್ ಹಿಡೀಬೇಕೇನ್ರಿ?" ಅಂದ ಒಬ್ಬ. ಬೇಡ. ಎರಡೂ ಕಂಪೈಲರುಗಳೇ, ಯಾವುದಾದರೂ ಆದೀತು. ಆಪರೇಟಿಂಗ್ ಸಿಸ್ಟಂ ಇಲ್ಲದ ಖಾಲಿ ಯಂತ್ರಕ್ಕೆಂದೇ ಕೋಡ್ ತಯಾರಿಸುವ ಕ್ರಾಸ್ ಕಂಪೈಲರ್ ಕಟ್ಟಿಕೊಳ್ಳಿ, 'ನೋ ರೆಡ್ ಝೋನ್' ಆಯ್ಕೆ ಕೊಡಿ, ಆವೃತ್ತಿಯ ಸಂಖ್ಯೆ ಗೋಡೆಗೆ ಬರೆದಿಡಿ. ಹೊಸದು ಬಂತೆಂದು ನಡುವೆ ಬದಲಿಸಬೇಡಿ. ಹೊಸದೇ ಒಳ್ಳೇದು ಅನ್ನೋ ನಂಬಿಕೆಯೂ ಒಂದು ಲಿಂಬೆಹಣ್ಣೇ.

2014ರಲ್ಲಿ ಆದದ್ದು ನೋಡಿ. ಲಿನಕ್ಸ್ ಕರ್ನಲ್ ರೆಡ್ ಝೋನ್ ಬೇಡ ಅಂತ ಸ್ಪಷ್ಟವಾಗಿ ಹೇಳಿಯೇ ಕಂಪೈಲ್ ಆಗುತ್ತದೆ. ಆದರೂ ಆಗಿನ್ನೂ ಹೊಸದಾಗಿದ್ದ ಜಿಸಿಸಿ 4.9.0, ಟವೆಲ್ ಸರಿಸುವ ಮೊದಲೇ ಚೀಲ ಇಟ್ಟಿತ್ತು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅದಕ್ಕೂ ಮೊದಲು, 2011ರಲ್ಲಿ, ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಸಾಧನದಿಂದ ಕಂಪೈಲರುಗಳಲ್ಲಿ 325ಕ್ಕೂ ಜಾಸ್ತಿ ದೋಷ ಹುಡುಕಿದ್ದರು. ಗಣಿತದಿಂದ ಸರಿ ಎಂದು ಸಾಧಿಸಿದ ಕಂಪೈಲರ್ ಕಾಂಪ್‌ಸರ್ಟ್‌ನ ಮಧ್ಯಭಾಗದಲ್ಲಿ ಮಾತ್ರ ತಪ್ಪು ಕೋಡ್ ಹುಟ್ಟಿಸುವ ದೋಷ ಒಂದೂ ಸಿಗಲಿಲ್ಲ.

ಆಯ್ಕೆ ಸೇರಿಸಿದ ಮೇಲೆ ರೀಸ್ಟಾರ್ಟ್ ನಿಂತಿತು. ಮರುದಿನ ಮತ್ತೆ ಫೋನು: "ಸರ, ಮೆಮ್‌ಕಾಪಿ ಸಿಗವಲ್ದು ಅಂತದ. ನಾವು ಅದನ್ನ ಕರದೇ ಇಲ್ಲ." ಮೆಮೊರಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಫಂಕ್ಷನ್ ಅದು. ಅವರು ಕರೆದಿಲ್ಲ, ಜಿಸಿಸಿ ಕರೆದಿದೆ. ಖಾಲಿ ಯಂತ್ರದಲ್ಲೂ ಮೆಮ್‌ಕಾಪಿ, ಮೆಮ್‌ಮೂವ್, ಮೆಮ್‌ಸೆಟ್, ಮೆಮ್‌ಕಂಪ್ ಈ ನಾಲ್ಕು ಇದ್ದೇ ಇರುತ್ತವೆ ಅಂತ ಅದು ತಿಳಿದಿರುತ್ತದೆ. "ನೀವೇ ಬರೀರಿ" ಅಂದೆ.